ತೋಟವನ್ನು ಅಡವಿಡುವ ಮುನ್ನ

ಕಣಕಟ್ಟೆಯ ಕಡೆಯ ತೆಂಗಿನ ತೋಟದ ಗೃಹಸ್ಥರೊಬ್ಬರ ಮಗನೋ ಮಗಳೋ ಕಾನೂನು ಪದವಿ ಪಡೆದು, ‘ವಿಲಾಯತಿಗೆ ಹೋಗಿ ಎಲ್‌ಎಲ್‌.ಎಂ. ಓದುವೆನು’ ಎಂದರೆ, ತಂದೆತಾಯಿಗಳಿಗೆ ಹೆಮ್ಮೆಯೂ ಚಿಂತೆಯೂ ಒಡನೊಡನೆ ಹುಟ್ಟುವುವು. ಶುಲ್ಕ, ವಸತಿ, ಪ್ರಯಾಣಗಳೆಲ್ಲ ಸೇರಿ ಹತ್ತಾರು ಲಕ್ಷ ರೂಪಾಯಿ ಬೇಕು. ‘ತೋಟವನ್ನು ಅಡವಿಟ್ಟರಾಯಿತು’ ಎಂಬ ಮಾತು ಮೊದಲು ಬಾಯಿಗೆ ಬರುವುದು ಸಹಜ. ಆದರೆ ಅದು ಕಟ್ಟಕಡೆಯ ಮಾತಾಗಿರಬೇಕು.

ಈ ಕಷ್ಟ ಹೊಸತಲ್ಲ. ಡಾ॥ ಅಂಬೇಡ್ಕರರು 1913ರಲ್ಲಿ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕೆಗೆ ಹೋದರು. ಅಲ್ಲಿಂದ 1916ರಲ್ಲಿ ಲಂಡನಿಗೆ ಬಂದು, ಗ್ರೇಸ್ ಇನ್‌ನಲ್ಲಿ ನ್ಯಾಯಶಾಸ್ತ್ರಕ್ಕೆ ಸೇರಿದರು. ವೇತನದ ಅವಧಿ ಮುಗಿಯಲು 1917ರಲ್ಲಿ ಓದನ್ನು ನಡುವೆಯೇ ಬಿಟ್ಟು ಹಿಂದಿರುಗಬೇಕಾಯಿತು. ದುಡಿದುಳಿಸಿದ ಹಣ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಮಿತ್ರರ ಸಾಲ ಇವನ್ನು ಕೂಡಿಸಿಕೊಂಡು 1920ರಲ್ಲಿ ಮರಳಿ ಹೋಗಿ ಬ್ಯಾರಿಸ್ಟರರಾದರು. ಕಡೆಯ ತಿಂಗಳವರೆಗಿನ ಖರ್ಚಿಗೆ ದಾರಿ ಕಾಣದೆ ಹೊರಡಬಾರದೆಂಬುದು ಇದರಿಂದ ತಿಳಿಯುವುದು.

ಮೊದಲು ಹಿಂದಿರುಗಿಸಬೇಕಿಲ್ಲದ ಹಣವನ್ನು ಹುಡುಕಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನವು ಒಂದು ವರ್ಷದ ಶುಲ್ಕವನ್ನೂ ಜೀವನವೆಚ್ಚವನ್ನೂ ವಹಿಸುವುದು. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಪರಿಶಿಷ್ಟ ಜಾತಿಯವರು, ಭೂರಹಿತ ಕೃಷಿಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಮುಂತಾದವರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಜೆ. ಎನ್. ಟಾಟಾ ದತ್ತಿಯು 1892ರಿಂದ ಸಾಲರೂಪದ ವೇತನವನ್ನು ಕೊಡುತ್ತಿದೆ.

ಬಳಿಕ ಬ್ಯಾಂಕು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಏಳೂವರೆ ಲಕ್ಷದವರೆಗೆ ಆಸ್ತಿಯ ಆಧಾರ ಬೇಡ. ಅದಕ್ಕೆ ಮೀರಿದರೆ ಆಧಾರ ಕೇಳುವರು; ವಿದೇಶದ ಓದಿಗೆ 4 ಲಕ್ಷ ದಾಟಿದ ಸಾಲದಲ್ಲಿ ನೂರಕ್ಕೆ 15ರಷ್ಟು ಮನೆಯವರೇ ಹಾಕಬೇಕು. ಇಲ್ಲಿ ತೋಟದವರು ಗಮನಿಸತಕ್ಕ ವಿಷಯವೊಂದುಂಟು: ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಕಾಯಿದೆ ಕೃಷಿಭೂಮಿಗೆ ಅನ್ವಯಿಸದು. ಆದುದರಿಂದ ಅನೇಕ ಬ್ಯಾಂಕುಗಳು ತೋಟವನ್ನು ಆಧಾರವಾಗಿ ಒಪ್ಪಲು ಹಿಂಜರಿಯುವುವು. ಆಗ ಖಾಸಗಿ ಸಾಲಗಾರರ ಬಾಗಿಲಿಗೆ ಹೋಗುವ ಆಸೆ ಹುಟ್ಟುವುದು, ಅಪಾಯವಿರುವುದು ಅಲ್ಲಿಯೇ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ವಕೀಲಿ ನಡೆಸಲು ಎಲ್‌ಎಲ್‌.ಎಂ. ಅವಶ್ಯವಲ್ಲ. ಅರಸೀಕೆರೆಯ ನ್ಯಾಯಾಲಯದಲ್ಲಿ ಎರಡು ವರ್ಷ ದುಡಿದರೆ ಅನುಭವವೂ ಬರುವುದು, ವೇತನಕ್ಕೆ ಅರ್ಹತೆಯೂ ಒದಗುವುದು, ಈ ಓದು ತನಗೇತಕ್ಕೆ ಬೇಕೆಂಬುದೂ ಸ್ಪಷ್ಟವಾಗುವುದು. ಒಂದು ಸಂಜೆ ಮನೆಯವರೆಲ್ಲರೂ ಕುಳಿತು, ಸಾಲದ ಕಂತನ್ನೂ ಬರಬಹುದಾದ ಸಂಪಾದನೆಯನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಲಿ. ಕಂತನ್ನು ಓದಿದವರ ದುಡಿಮೆ ತೀರಿಸುವಂತಿದ್ದರೆ ಸಂತೋಷದಿಂದ ಕಳುಹಿಸಬಹುದು. ತಂಗಿಯ ಪಾಲೂ ಮುದುಕರ ಅನ್ನವೂ ತೀರಿಸಬೇಕಾಗಿದ್ದರೆ, ಎರಡು ವರ್ಷ ತಡೆದು ಹೋಗುವುದರಲ್ಲಿ ಅವಮಾನವೇನೂ ಇಲ್ಲ.