ರಾಷ್ಟ್ರಪತಿ ಪ್ರಮಾಣವಚನ: ಜುಲೈ 25 ಯಾಕೆ?

ನಮ್ಮ ಭೀಮಸಮುದ್ರದ ಕಡೆ ಮದುವೆ ಗೊತ್ತಾದರೆ ಮೊದಲು ದಿನ ನೋಡ್ತಾರೆ. ಆಮೇಲೆ ಅಲ್ಲಿಂದ ಹಿಂದಕ್ಕೆ ಲೆಕ್ಕ: ಚಪ್ಪರ ಯಾವತ್ತು, ಅಡುಗೆಯವರಿಗೆ ಅಡ್ವಾನ್ಸ್ ಯಾವತ್ತು, ಲಗ್ನಪತ್ರಿಕೆ ಎಷ್ಟರೊಳಗೆ ಹಂಚಬೇಕು. ಅಡಿಕೆ ಕೊಯ್ಲಿನ ಮಧ್ಯೆ ಬಿದ್ದರೆ ಕೈಗೆ ಜನ ಸಿಗಲ್ಲ ಅನ್ನೋದೂ ಆ ಲೆಕ್ಕದಲ್ಲಿರುತ್ತೆ. ದೇಶದ ರಾಷ್ಟ್ರಪತಿಗಳ ಪ್ರಮಾಣವಚನಕ್ಕೂ ತಯಾರಿ ನಡೆಯೋದು ಹೀಗೇ, ಹಿಂದಿನಿಂದ ಮುಂದಕ್ಕೆ.

2022ನ್ನೇ ನೋಡಿ. ರಾಮನಾಥ್ ಕೋವಿಂದ್ ಅವರ ಐದು ವರ್ಷದ ಅವಧಿ ಜುಲೈ 24ಕ್ಕೆ ಮುಗಿಯುತ್ತಿತ್ತು. ಅವಧಿ ಮುಗಿಯೋ ಮೊದಲೇ ಚುನಾವಣೆ ಮುಗಿದಿರಬೇಕು ಅನ್ನುತ್ತೆ ಸಂವಿಧಾನದ 62ನೇ ವಿಧಿ. ಹಾಗಂತ ತೀರಾ ಮುಂಚೆ ಮಾಡುವಂತೆಯೂ ಇಲ್ಲ, ಅಧಿಸೂಚನೆ ಕೊನೆಯ 60 ದಿನದೊಳಗೇ ಬರಬೇಕು ಅಂತ 1952ರ ಕಾಯ್ದೆ ಹೇಳುತ್ತೆ. ಜೂನ್ 15ಕ್ಕೆ ಅಧಿಸೂಚನೆ, ಜುಲೈ 18ಕ್ಕೆ ಮತದಾನ, 21ಕ್ಕೆ ಎಣಿಕೆ, 25ಕ್ಕೆ ದ್ರೌಪದಿ ಮುರ್ಮು ಅವರ ಪ್ರಮಾಣವಚನ. ಗೆದ್ದವರು ಯಾರು ಅಂತ ಗೊತ್ತಾದ ಮೇಲೆ ಉಳಿದದ್ದು ನಾಲ್ಕೇ ದಿನ. ಅಂದರೆ ಸಂಸತ್ತಿನ ಸೆಂಟ್ರಲ್ ಹಾಲ್, ಕುದುರೆ ಏರಿದ ಅಂಗರಕ್ಷಕ ದಳ, ಫಿರಂಗಿಗಳು, ಎಲ್ಲಾ ಹೆಸರು ಗೊತ್ತಾಗೋ ಮೊದಲೇ ಸಿದ್ಧ ಆಗುತ್ತಿರಬೇಕು. ಖಾಲಿ ಇರೋದು ಹೆಸರಿನ ಜಾಗ ಮಾತ್ರ.

ಆ ದಿನ ನಡೆಯೋದು ಇಷ್ಟು. ಹಳೆಯ ರಾಷ್ಟ್ರಪತಿ, ಹೊಸಬರು ಇಬ್ಬರೂ ರಾಷ್ಟ್ರಪತಿ ಭವನದಿಂದ ಮೆರವಣಿಗೆಯಲ್ಲಿ ಸಂಸತ್ತಿಗೆ ಬರ್ತಾರೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಪ್ರಮಾಣವಚನ ಬೋಧಿಸ್ತಾರೆ. ಕೂಡಲೇ ಇಬ್ಬರೂ ಕುರ್ಚಿ ಬದಲಾಯಿಸಿ ಕೂರ್ತಾರೆ. ನಮಗೆ ಇಡೀ ಕಾರ್ಯಕ್ರಮದಲ್ಲಿ ಇಷ್ಟವಾದದ್ದು ಈ ಕುರ್ಚಿ ಬದಲಾವಣೆಯೇ; ಒಂದು ಮಾತಿಲ್ಲದೆ ಅಧಿಕಾರ ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಕಾಣುತ್ತೆ. ಆಮೇಲೆ ರುಜು, 21 ಕುಶಾಲ ತೋಪು, ಭಾಷಣ. ತೋಪಿನ ಬಗ್ಗೆ ಒಂದು ಮಾತು: ಗಣರಾಜ್ಯೋತ್ಸವದಲ್ಲಿ ಏಳು ಫಿರಂಗಿಗಳು ತಲಾ ಮೂರು ಸುತ್ತು ಹಾರಿಸಿ, 52 ಸೆಕೆಂಡಿನ ರಾಷ್ಟ್ರಗೀತೆಗೆ ಹೊಂದಿಸ್ತಾರೆ. ಟೈಮಿಂಗ್ ಅಂದರೆ ಇದು.

ಆದರೆ ದಿನವೇ ಗೊತ್ತಿಲ್ಲದಿದ್ದರೆ? ನಿಜವಾದ ಪರೀಕ್ಷೆ ಅಲ್ಲೇ. ಜುಲೈ 25 ಅನ್ನೋ ತಾರೀಖು ಸಂವಿಧಾನದಲ್ಲಿ ಎಲ್ಲೂ ಇಲ್ಲ, ಪಂಚಾಂಗ ನೋಡಿ ಇಟ್ಟದ್ದೂ ಅಲ್ಲ. ಅದರ ಕಥೆಯಲ್ಲಿ ನಮ್ಮ ಚಿತ್ರದುರ್ಗದ ಪಾಲೂ ಇದೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಚಿತ್ರದುರ್ಗದ ಹತ್ತಿರ ಹೆದ್ದಾರಿ ಪಕ್ಕ ಸೀಬಾರದಲ್ಲಿ ಸ್ಮಾರಕ ನೋಡಿದ್ದೀರಲ್ಲ, ಅವರೇ. ಅಲ್ಲಿ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರಿಗೆ ಇಷ್ಟವಿಲ್ಲದಿದ್ದರೂ, ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಗಿರಿಯವರು ರಾಜೀನಾಮೆ ಕೊಟ್ಟು ತಾವೇ ಕಣಕ್ಕಿಳಿದರು.

ಈಗ ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ! ಇಂಥ ಹೊತ್ತಿಗೆ ಯಾರು ಅನ್ನೋದಕ್ಕೆ ಸಂಸತ್ತು ಅದೇ ಮೇ ತಿಂಗಳಲ್ಲಿ ಕಾನೂನು ಮಾಡಿಟ್ಟಿತ್ತು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿ ಸ್ಥಾನದಲ್ಲಿ ಕೂತರು. ಪ್ರಮಾಣವಚನ ಬೋಧಿಸಬೇಕಾದವರೇ ಪ್ರಮಾಣ ಮಾಡಬೇಕಾದರೆ ಬೋಧಿಸೋರು ಯಾರು? 60ನೇ ವಿಧಿಯಲ್ಲಿ ಅದಕ್ಕೂ ಉತ್ತರ ಇದೆ: ಮುಖ್ಯ ನ್ಯಾಯಮೂರ್ತಿ ಲಭ್ಯವಿಲ್ಲದಿದ್ದರೆ ಸುಪ್ರೀಂ ಕೋರ್ಟಿನ ಲಭ್ಯವಿರುವ ಅತ್ಯಂತ ಹಿರಿಯ ನ್ಯಾಯಮೂರ್ತಿ. ಬ್ಯಾಕಪ್‌ಗೂ ಬ್ಯಾಕಪ್. ಚಪ್ಪರ, ಬ್ಯಾಂಡಿಗಿಂತ ಮೊದಲು ಮಾಡಿಡಬೇಕಾದ ತಯಾರಿ ಇದು ಅಂತ ನಮ್ಮ ಅನಿಸಿಕೆ.

ಸಂಜೀವ ರೆಡ್ಡಿ ಸೋತರು. ಆಗಸ್ಟ್ 24ರಂದು ಗಿರಿ ಪ್ರಮಾಣವಚನ ತಗೊಂಡರು. ವರ್ಷ ಮುಗಿಯೋದರೊಳಗೆ ಕಾಂಗ್ರೆಸ್ಸೇ ಇಬ್ಭಾಗವಾಯಿತು.

ಎಂಟು ವರ್ಷದ ಮೇಲೆ ಮತ್ತದೇ ಪರಿಸ್ಥಿತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಈ ಸಲ ಹಂಗಾಮಿ ರಾಷ್ಟ್ರಪತಿಯಾದವರು ಜಮಖಂಡಿ ಸೀಮೆಯ ಸಾವಳಗಿಯವರು, ನಮ್ಮ ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದ ಬಿ.ಡಿ. ಜತ್ತಿ. ತುರ್ತುಪರಿಸ್ಥಿತಿಯ ಕೊನೆ, ಲೋಕಸಭೆ ಚುನಾವಣೆ, ಹೊಸ ಸರ್ಕಾರ, ಎಲ್ಲಾ ಅವರ ಐದೂವರೆ ತಿಂಗಳೊಳಗೇ ಆದದ್ದು. ಹೀಗೆ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು, ಗಡುವು ಆಗಸ್ಟ್ 11. ಜುಲೈ 21ಕ್ಕೆ ಒಬ್ಬರು ಅವಿರೋಧವಾಗಿ ಆಯ್ಕೆಯಾದರು, 25ಕ್ಕೆ ಜತ್ತಿಯವರಿಂದ ಅಧಿಕಾರ ವಹಿಸಿಕೊಂಡರು. ಯಾರು ಗೊತ್ತಾ? 1969ರಲ್ಲಿ ಬೆಂಗಳೂರಲ್ಲಿ ಅಭ್ಯರ್ಥಿಯಾಗಿ ಸೋತಿದ್ದ ಅದೇ ಸಂಜೀವ ರೆಡ್ಡಿ.

ಅಲ್ಲಿಂದ ಈಚೆಗೆ ಬಂದವರೆಲ್ಲ ಪೂರ್ತಿ ಐದೈದು ವರ್ಷ ಮುಗಿಸಿದ್ದರಿಂದ ತಾರೀಖು ಅಲ್ಲೇ ನಿಂತುಬಿಟ್ಟಿದೆ; 1977ರಿಂದ 2022ರವರೆಗೆ ಹತ್ತು ಜನ ಪ್ರಮಾಣವಚನ ತಗೊಂಡದ್ದೂ ಜುಲೈ 25ಕ್ಕೇ. ಈಗಿನ ಅವಧಿ ಮುಗಿಯೋದು 2027ರ ಜುಲೈ 24ಕ್ಕೆ. 60 ದಿನದ ಲೆಕ್ಕ ಹಿಡಿದರೆ ಮೇ ಕೊನೆಯ ವಾರದಿಂದಲೇ ಅಧಿಸೂಚನೆಗೆ ಕಾಯಬಹುದು.