ಕೊಣ್ಣೂರಿನ ಕಲ್ಲುನೆಲ ಮತ್ತು ಮನೆಯ ಡಿಬಿ ಬಾಕ್ಸ್

ಮನೆಯೊಳಗೆ ಕರೆಂಟು ಹಂಚುವ ಡಿಬಿ ಬಾಕ್ಸಿನಲ್ಲಿ ಸಾಲಾಗಿ ಕೂತಿರುವ ಎಂಸಿಬಿಗಳು ಮನೆಯವರನ್ನು ಕಾಯುತ್ತವೆ ಎಂದು ಬಹುತೇಕರು ನಂಬಿದ್ದಾರೆ. ಅವು ಕಾಯುವುದು ಗೋಡೆಯೊಳಗಿನ ವೈರನ್ನು. ಮನುಷ್ಯನನ್ನು ಕಾಯುವ ಸಾಧನ ಬೇರೆಯೇ ಇದೆ, ಅನೇಕ ಮನೆಗಳಲ್ಲಿ ಅದನ್ನು ಕೂಡಿಸಿಯೇ ಇರುವುದಿಲ್ಲ, ಇಲ್ಲವೇ ಕೂಡಿಸಿದ ಮೇಲೆ ಕಾಟ ತಾಳದೆ ಕಿತ್ತುಹಾಕಿರುತ್ತಾರೆ. ಕೊಣ್ಣೂರು, ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಗೆ ಕರೆಂಟು ಹೊಸದೇನಲ್ಲ. ಗೋಕಾಕ ಫಾಲ್ಸಿನಲ್ಲಿ 1887ರಷ್ಟು ಹಿಂದೆಯೇ ವಿದ್ಯುತ್ ಹುಟ್ಟಿತ್ತು ಎಂಬುದು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು; ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದಲ್ಲಿ ಇಂಥ ಪ್ರಯೋಗಗಳ ಮೊದಲ ಸಾಲಿನದು. ಆದರೆ ಕಂಬದವರೆಗಿನ ಚರಿತ್ರೆ ಎಷ್ಟೇ ದೊಡ್ಡದಿರಲಿ, ಮೀಟರಿನಿಂದ ಒಳಗಿನ ಹೊಣೆ ಮನೆಯವರದು. ಒಂದು ಬಲ್ಬಿಗೆಂದು ಸಂಪರ್ಕ ಪಡೆದ ಮನೆಗಳಲ್ಲಿ ಈಗ ಫ್ರಿಜ್, ಮಿಕ್ಸರ್, ಗೀಸರ್, ನೀರಿನ ಮೋಟರು, ಅಲ್ಲಲ್ಲಿ ಎಸಿ ಕೂಡ ಇವೆ. ಈ ಸೀಮೆಯ ನೆಲದ ಗುಣ ನೋಡಿದರೆ ಡಿಬಿ ಬಾಕ್ಸಿನಲ್ಲಿ ಯಾವುದನ್ನು ಬಿಡಬಾರದು, ಒಳಗಿನ ಜೋಡಣೆ ಏಕೆ ಅಚ್ಚುಕಟ್ಟಾಗಿರಬೇಕು ಎಂಬುದು ಲೆಕ್ಕದಿಂದಲೇ ತಿಳಿಯುತ್ತದೆ.

ಮೊದಲು ಎಂಸಿಬಿಯ ಕೆಲಸ ನೋಡೋಣ. ವೈರಿನಲ್ಲಿ ಹುಟ್ಟುವ ಶಾಖ ಅದರಲ್ಲಿ ಹರಿಯುವ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು. ಪೈಪಿನೊಳಗೆ ಮುಚ್ಚಿಹೋಗಿರುವ ವೈರಿಗೆ ಆ ಶಾಖ ಹೊರಹಾಕಲು ದಾರಿಯಿಲ್ಲ, ಮೇಲಿನ ಪಿವಿಸಿ ಹೊದಿಕೆ ಮೆತ್ತಗಾಗಿ, ವರ್ಷಗಳಲ್ಲಿ ಸುಟ್ಟು, ಒಡೆಯುತ್ತದೆ. ಹೀಗಾಗದಂತೆ ತಡೆಯಲು ಎಂಸಿಬಿಯಲ್ಲಿ ಎರಡು ಏರ್ಪಾಡುಗಳಿವೆ. ನಿಧಾನವಾಗಿ ಏರುವ ಹೆಚ್ಚುವರಿ ಹೊರೆಗೆ ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗಿ ಕೊಂಡಿ ಕಳಚುತ್ತದೆ. ಶಾರ್ಟ್ ಆದಾಗ ಒಮ್ಮೆಲೇ ನುಗ್ಗುವ ಕರೆಂಟಿಗೆ ವಿದ್ಯುತ್ಕಾಂತ ಕ್ಷಣಾರ್ಧದಲ್ಲಿ ಎಳೆದು ಬಿಡಿಸುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ಸಿ ನಮೂನೆಯ ಎಂಸಿಬಿಯಲ್ಲಿ ಈ ಎರಡನೆಯ ಏರ್ಪಾಡು ಎಚ್ಚರಗೊಳ್ಳಲು ಅದರ ಮೇಲೆ ಬರೆದ ಅಂಕಿಯ 5ರಿಂದ 10 ಪಟ್ಟು ಕರೆಂಟು ಬೇಕು. 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಹರಿಯಬೇಕು. ಈ ಅಂಕಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಎಂಸಿಬಿ ಎಷ್ಟರದಿರಬೇಕು ಎಂಬುದನ್ನು ತೀರ್ಮಾನಿಸುವುದು ಅದರ ಮುಂದಿರುವ ವೈರಿನ ದಪ್ಪ. ಲೈಟು-ಫ್ಯಾನಿನ 1.5 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರಿಗೆ 6 ಅಥವಾ 10 ಆಂಪಿಯರ್, ಪವರ್ ಪ್ಲಗ್ಗಿನ 2.5 ಸ್ಕ್ವೇರಿಗೆ 16, ಎಸಿ ಮತ್ತು ದೊಡ್ಡ ಗೀಸರಿನ 4 ಸ್ಕ್ವೇರಿಗೆ 20 ಅಥವಾ 25 ಎಂಬುದು ರೂಢಿಯ ಲೆಕ್ಕ. ಗೀಸರು ಹಾಕಿದಾಗ ಎಂಸಿಬಿ ಪದೇಪದೇ ಬೀಳುತ್ತದೆಂದು ವೈರು ಹಾಗೇ ಬಿಟ್ಟು 10ರ ಜಾಗದಲ್ಲಿ 25ರದನ್ನು ಕೂಡಿಸುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ರಿಪೇರಿ. ಅದರಿಂದ ಎಂಸಿಬಿ ಬೀಳುವುದು ನಿಲ್ಲುತ್ತದೆ ನಿಜ. ವೈರಿಗಿದ್ದ ಕಾವಲೂ ಅಲ್ಲಿಗೇ ನಿಂತಿತು.

ಇಲ್ಲಿ ಹಳಬರ ಒಂದು ಆಕ್ಷೇಪ ಏಳುತ್ತದೆ: ನಲವತ್ತು ವರ್ಷ ಕಟೌಟಿನ ಫ್ಯೂಸಿನಲ್ಲೇ ಮನೆ ನಡೆಯಿತು, ಏನೂ ಆಗಲಿಲ್ಲ. ಆ ಮಾತಿನಲ್ಲಿ ಸತ್ಯವಿದೆ. ಸರಿಯಾದ ಅಳತೆಯ ತಂತಿ ಹಾಕಿದ ಫ್ಯೂಸ್ ಕೆಟ್ಟ ಸಾಧನವೇನಲ್ಲ, ಶಾರ್ಟ್ ಆದಾಗ ಅದೂ ಬೇಗ ಕರಗುತ್ತದೆ. ಆದರೆ ಎರಡು ಬಲ್ಬು, ಒಂದು ರೇಡಿಯೊ ಇದ್ದ ಮನೆಯ ಅನುಭವವನ್ನು 3 ಕಿಲೋವಾಟಿನ ಗೀಸರ್ ಒಂದೇ 13 ಆಂಪಿಯರ್ ಎಳೆಯುವ ಮನೆಗೆ ಸಾಕ್ಷಿಯಾಗಿ ತರುವಂತಿಲ್ಲ. ಜೊತೆಗೆ, ರಾತ್ರಿ ಹೊತ್ತು ಫ್ಯೂಸ್ ಹೋದಾಗ ಕೈಗೆ ಸಿಕ್ಕ ವೈರಿನ ಎರಡು ಎಳೆ ಸುತ್ತಿ ಕೆಲಸ ಮುಗಿಸುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ಅದು ಹೆಸರಿಗಷ್ಟೇ ಫ್ಯೂಸ್.

ಇನ್ನು ಮನುಷ್ಯನ ಪ್ರಶ್ನೆ. ಫ್ರಿಜ್ಜಿನೊಳಗೆ ಫೇಸ್ ವೈರು ಸವೆದು ತಗಡಿಗೆ ತಾಗಿತೆನ್ನಿ. ತಗಡಿಗೆ ಅರ್ಥಿಂಗ್ ಇದೆ, ಕರೆಂಟು ನೆಲಕ್ಕಿಳಿದು ಎಂಸಿಬಿ ಬೀಳುತ್ತದೆ ಎಂಬುದು ನಮ್ಮ ಭರವಸೆ. ಆ ಕರೆಂಟು ಮನೆಯ ಅರ್ಥಿಂಗ್ ಗುಂಡಿಯಿಂದ ನೆಲದೊಳಗೆ ಹಾದು ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿಗೆ ಮರಳಬೇಕು. ಮನೆಯ ಗುಂಡಿಯ ಅಡೆತಡೆ 10 ಓಮ್, ಟ್ರಾನ್ಸ್‌ಫಾರ್ಮರಿನದು 5 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟನ್ನು 15ರಿಂದ ಭಾಗಿಸಿದಾಗ ಸಿಗುವುದು ಸುಮಾರು 15 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದನ್ನು ಮಾಮೂಲಿ ಹೊರೆಯೆಂದೇ ತಿಳಿದು ದಿನವಿಡೀ ಸುಮ್ಮನಿರುತ್ತದೆ. ಅಷ್ಟು ಹೊತ್ತೂ ಫ್ರಿಜ್ಜಿನ ಮೈಯಲ್ಲಿ 150 ವೋಲ್ಟಿಗೂ ಹೆಚ್ಚು ಒತ್ತಡ ಇರುತ್ತದೆ. ಮನುಷ್ಯ ದೇಹದ ಅಡೆತಡೆಯನ್ನು ಸಾಮಾನ್ಯವಾಗಿ 1000 ಓಮ್ ಎಂದು ಹಿಡಿಯುತ್ತಾರೆ. ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತು ಬಾಗಿಲು ತೆರೆದವರ ಮೈಯಲ್ಲಿ 150 ಮಿಲಿಆಂಪಿಯರ್ ಹರಿಯಬಹುದು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡಾಲ್ಜಿಯೆಲ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಿಡಿದ ವೈರನ್ನು ತಾನಾಗಿ ಬಿಡುವ ಶಕ್ತಿ ಸರಾಸರಿಯಲ್ಲಿ ಗಂಡಸರಿಗೆ 16, ಹೆಂಗಸರಿಗೆ ಹತ್ತೂವರೆ ಮಿಲಿಆಂಪಿಯರಿಗೇ ಮುಗಿಯುತ್ತಿತ್ತು.

ಮೇಲಿನ ಲೆಕ್ಕದ 10 ಓಮ್ ಕೂಡ ಧಾರಾಳವಾದ ಊಹೆ. ಎರಡೂವರೆ ಮೀಟರಿನ ಜಿಐ ಪೈಪನ್ನು ಹಸಿ ಎರೆಮಣ್ಣಿನಲ್ಲಿ ಇಳಿಸಿದರೆ, ಆ ಮಣ್ಣಿನ ರೋಧಕತೆ 10 ಓಮ್-ಮೀಟರ್ ಎಂದು ಹಿಡಿದಾಗ, ಸೂತ್ರ ಕೊಡುವ ಉತ್ತರ ಮೂರೂವರೆ ಓಮ್. ಅದೇ ಪೈಪು 300 ಓಮ್-ಮೀಟರಿನ ಗರಸು ನೆಲದಲ್ಲಿ ನೂರು ಓಮ್ ದಾಟುತ್ತದೆ. ಮೂಡಲಗಿಯ ಕಾಲುವೆ ಕೆಳಗಿನ ಕಬ್ಬಿನ ಹೊಲಗಳದ್ದು ಮೊದಲ ಜಾತಿಯ ನೆಲ. ಗೋಕಾಕ ಫಾಲ್ಸಿನ ಮರಳುಗಲ್ಲಿನ ಗುಡ್ಡದ ಸೆರಗಿನಲ್ಲಿರುವ ಕೊಣ್ಣೂರಿನ ಎಷ್ಟೋ ನಿವೇಶನಗಳಲ್ಲಿ ಒಂದೆರಡು ಆಳುದ್ದ ಅಗೆಯುವುದರೊಳಗೆ ಕಲ್ಲು ಸಿಗುತ್ತದೆ. ಎರೆಮಣ್ಣಿಗೂ ತನ್ನದೇ ಆದ ಕೊರತೆಯಿದೆ: ಬೇಸಿಗೆಯಲ್ಲಿ ಅದು ಬಿರಿದು ಪೈಪಿನಿಂದ ಹಿಂದೆ ಸರಿಯುತ್ತದೆ, ಗುಂಡಿಗೆ ಹಾಕಿದ ಉಪ್ಪು ಮಳೆಗಾಲಗಳಲ್ಲಿ ತೊಳೆದು ಹೋಗುತ್ತದೆ. ಅತ್ಯುತ್ತಮವಾದ ಮೂರೂವರೆ ಓಮಿನ ಗುಂಡಿಯೇ ಇದ್ದರೂ ಹರಿಯುವುದು 27 ಆಂಪಿಯರ್. ತಕ್ಷಣ ಬೀಳಲು ಬೇಕಾದ 80 ಎಲ್ಲಿ, ಇದೆಲ್ಲಿ? ಎಂಸಿಬಿ ಬಿಸಿಯಾಗಿ ಬೀಳುವವರೆಗೆ ತಗಡಿನ ಮೈಯಲ್ಲಿ 90 ವೋಲ್ಟು ಮೀರಿದ ಒತ್ತಡ ಉಳಿದಿರುತ್ತದೆ. ಅರ್ಥಿಂಗ್ ಗುಂಡಿಗೆ ಇನ್ನೊಂದಿಷ್ಟು ಇದ್ದಿಲು, ಉಪ್ಪು ಸುರಿದು ಈ ಅಂತರ ತುಂಬಲಾಗದು.

ತುಂಬುವುದು ಮೊದಲಲ್ಲಿ ಹೇಳಿದ, ಮನುಷ್ಯನನ್ನು ಕಾಯುವ ಸಾಧನವಾದ ಆರ್‌ಸಿಸಿಬಿ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದು ಕಾಂತದ ಬಳೆಯ ಮೂಲಕ ಹಾಯುತ್ತವೆ. ಹೋದ ಕರೆಂಟೆಲ್ಲ ಮರಳಿ ಬಂದರೆ ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಒಂದು ಪಾಲು ನೆಲಕ್ಕೋ ಮನುಷ್ಯನ ಮೈಗೋ ಸೋರಿದರೆ ಉಳಿದ ವ್ಯತ್ಯಾಸವೇ ಕೊಂಡಿ ಕಳಚುತ್ತದೆ. ಮನೆಗೆ ತಕ್ಕದ್ದು 30 ಮಿಲಿಆಂಪಿಯರಿನದು. ಸೋರಿಕೆ ಇದರ ಐದು ಪಟ್ಟಾದರೆ, ಅಂದರೆ ನಮ್ಮ ಉದಾಹರಣೆಯ 150 ಮಿಲಿಆಂಪಿಯರಿನಲ್ಲಿ, ಅದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನೊಳಗೆ ಕಡಿದುಹಾಕಬೇಕೆಂದು ಮಾನಕ ಹೇಳುತ್ತದೆ. ಈಗ ಕಲ್ಲುನೆಲದ ನೂರು ಓಮಿನ ಗುಂಡಿಗೆ ಮರಳಿ. ಅಲ್ಲಿ ಹರಿಯುವುದು ಬರೀ ಎರಡು ಆಂಪಿಯರ್ ಚಿಲ್ಲರೆ. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಆರ್‌ಸಿಸಿಬಿಗೆ ಬೇಕಾದ್ದಕ್ಕಿಂತ ಎಪ್ಪತ್ತು ಪಟ್ಟು ಹೆಚ್ಚು. ನೆಲ ಕೆಟ್ಟಷ್ಟೂ ಈ ಸಾಧನದ ಅಗತ್ಯ ಏರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ನಿಗದಿತ ಹೊರೆ ಮೀರಿದ ಸಂಪರ್ಕಗಳಿಗೆ ಸೋರಿಕೆ ತಡೆಯುವ ಸಾಧನ ಇರಲೇಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳೂ ಹೇಳುತ್ತವೆ. ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಅರ್ಥಿಂಗ್ ಇದ್ದರೆ ದೋಷ ಹುಟ್ಟಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ಮಳೆಗಾಲ ಬಂತೆಂದರೆ ಅದು ಸುಮ್ಮಸುಮ್ಮನೆ ಬೀಳುತ್ತದೆ, ಇಡೀ ಮನೆ ಕತ್ತಲಾಗುತ್ತದೆ ಎಂಬುದು ಇದರ ಮೇಲಿನ ದೊಡ್ಡ ದೂರು. ದೂರು ಸುಳ್ಳಲ್ಲ, ಕಾರಣಗಳು ಮಾತ್ರ ಸಾಧನದ ಹೊರಗಿವೆ. ನೆನೆದ ಗೋಡೆಯ ಹಳೆ ವೈರು, ಹೊರಗಿನ ದೀಪದ ಹೋಲ್ಡರಿನಲ್ಲಿ ನಿಂತ ನೀರು, ಸೋರುವ ಗೀಸರ್ ಕಾಯಿಲ್ ಇವು ನಿಜವಾದ ಸೋರಿಕೆಗಳು. ಇನ್ನೊಂದು ಕಾರಣ ಡಿಬಿ ಬಾಕ್ಸಿನೊಳಗಿನ ಗೋಜಲು. ಒಂದು ಆರ್‌ಸಿಸಿಬಿಯಿಂದ ಹೊರಟ ಫೇಸಿನ ನ್ಯೂಟ್ರಲ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್ ಪಟ್ಟಿಗೆ ಮರಳಬೇಕು. ಕೋಣೆಯ ನ್ಯೂಟ್ರಲ್ ಇನ್ನೊಂದರ ಪಟ್ಟಿಗೆ ಸೇರಿದ್ದರೆ, ಇನ್ವರ್ಟರಿನ ನ್ಯೂಟ್ರಲ್ ಮನೆಯ ನ್ಯೂಟ್ರಲಿನೊಂದಿಗೆ ಕಲೆತಿದ್ದರೆ, ಎಲ್ಲೋ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ತಾಗಿಸಿದ್ದರೆ, ಸೋರಿಕೆಯೇ ಇಲ್ಲದೆ ವ್ಯತ್ಯಾಸ ಕಾಣುತ್ತದೆ. ಒಂದೇ ಬಣ್ಣದ ವೈರುಗಳು ಮುದ್ದೆಯಾಗಿ ತುಂಬಿರುವ ಬಾಕ್ಸಿನಲ್ಲಿ ತಪ್ಪು ಹುಡುಕುವುದು ಅರ್ಧ ದಿನದ ಕೆಲಸ. ಆರ್‌ಸಿಸಿಬಿ ಬಿಟ್ಟು ನೇರ ಸಂಪರ್ಕ ಕೊಡುವುದು ಐದು ನಿಮಿಷದ್ದು. ವೈರ್‌ಮನ್ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಿಲ್ಲ. ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು, ಪ್ರತಿ ವೈರಿನ ತುದಿಗೆ ಸಂಖ್ಯೆಯ ಫೆರೂಲ್, ಪ್ರತಿ ಆರ್‌ಸಿಸಿಬಿಗೆ ಬೇರೆ ನ್ಯೂಟ್ರಲ್ ಪಟ್ಟಿ ಎಂಬ ಶಿಸ್ತು ಇದ್ದರೆ ಮಾತ್ರ ಜೀವ ಕಾಯುವ ಆ ಸಾಧನ ಐದು ವರ್ಷದ ಮೇಲೂ ಬಾಕ್ಸಿನಲ್ಲಿ ಉಳಿದಿರುತ್ತದೆ. ಫ್ರಿಜ್ಜಿಗೆ, ಹೊರಗಿನ ಮೋಟರಿಗೆ, ಉಳಿದ ಮನೆಗೆ ಬೇರೆ ಬೇರೆ ಆರ್‌ಸಿಸಿಬಿ ಇಟ್ಟರೆ ಒಂದು ಬಿದ್ದಾಗ ಇಡೀ ಮನೆ ಕತ್ತಲಾಗುವ ಕಾಟವೂ ತಪ್ಪುತ್ತದೆ.

ಅಚ್ಚುಕಟ್ಟಿಗೆ ಇನ್ನೊಂದು ಕಾರಣ ಸ್ಕ್ರೂಗಳಲ್ಲಿದೆ. ಸಡಿಲವಾದ ಒಂದು ಸ್ಕ್ರೂವಿನಡಿ ಸಂಪರ್ಕದ ಅಡೆತಡೆ ಓಮಿನ ಹತ್ತನೇ ಒಂದು ಭಾಗವಾದರೆ, 15 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವ ಶಾಖ 22 ವಾಟಿಗೂ ಹೆಚ್ಚು. ರೇಡಿಯೊ ರಿಪೇರಿಯವರ ಸೀಸ ಕರಗಿಸುವ ಸಾಲ್ಡರಿಂಗ್ ಕಬ್ಬಿಣ ಹೆಚ್ಚುಕಡಿಮೆ ಇಷ್ಟೇ ಶಕ್ತಿಯದು. ಇಲ್ಲಿ ಕರೆಂಟು ಹೆಚ್ಚಿಲ್ಲ, ಸೋರಿಕೆಯೂ ಇಲ್ಲ. ಆದ್ದರಿಂದ ಎಂಸಿಬಿಯೂ ಆರ್‌ಸಿಸಿಬಿಯೂ ಬೀಳುವುದಿಲ್ಲ, ಬಾಕ್ಸು ಒಳಗೊಳಗೇ ಕರಗುತ್ತದೆ. ಇದಕ್ಕೆ ಮದ್ದು ಕೈಕೆಲಸವೊಂದೇ: ಎಳೆ ಹಾಳಾಗದಂತೆ ಹೊದಿಕೆ ಸುಲಿಯುವುದು, ಎಳೆಗಳ ತುದಿಗೆ ಲಗ್ ಒತ್ತುವುದು, ಒಂದು ಸ್ಕ್ರೂವಿಗೆ ಮೂರು ವೈರು ತುರುಕದಿರುವುದು, ಎಂಸಿಬಿಯಿಂದ ಎಂಸಿಬಿಗೆ ವೈರಿನ ತುಂಡು ಕಟ್ಟುವ ಬದಲು ತಾಮ್ರದ ಬಸ್‌ಬಾರ್ ಹಾಕುವುದು, ಕಂಬದಿಂದ ಬರುವ ಅಲ್ಯುಮಿನಿಯಂ ತಂತಿಯನ್ನು ತಾಮ್ರಕ್ಕೆ ನೇರವಾಗಿ ಹೆಣೆಯದೆ ಎರಡಕ್ಕೂ ಹೊಂದುವ ಲಗ್ ಬಳಸುವುದು. ಇಷ್ಟಕ್ಕೆ ಕೂಲಿ ಹೆಚ್ಚಾಗುತ್ತದೆ ಎನ್ನುವವರು ಬಾಕ್ಸಿನ ಹೊರಮುಚ್ಚಳಕ್ಕೆ ಕೊಟ್ಟ ಹಣವನ್ನು ಇದರ ಪಕ್ಕ ಇಟ್ಟು ನೋಡಲಿ. ಮೇನ್ ಸ್ವಿಚ್ಚು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲಿನದಾಗಿರಲಿ. ಹೊರಗಿನ ರಿಪೇರಿಯಲ್ಲಿ ಅವೆರಡೂ ಅದಲುಬದಲಾದರೆ ಒಂಟಿ ಪೋಲಿನ ಸ್ವಿಚ್ಚು ಆಫ್ ಆದ ಮೇಲೂ ಮನೆಯೊಳಗೆ ಕರೆಂಟು ಉಳಿದಿರುತ್ತದೆ.

ಬಾಕ್ಸಿನ ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕೈಗೆಟುಕುವ ಎತ್ತರ, ಒಣಗೋಡೆ, ಎದುರಿಗೆ ಜೋಳದ ಚೀಲ ಒಟ್ಟದಷ್ಟು ತೆರವು. ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದ್ದನ್ನು ಕಂಡವರು ನದಿ ಪಾತ್ರದ ಮನೆಗಳಲ್ಲಿ ಆ ವರ್ಷದ ನೀರಿನ ಗುರುತಿಗಿಂತ ಮೇಲೆಯೇ ಬಾಕ್ಸ್ ಕೂಡಿಸಬೇಕು. ಮುಳುಗಿದ ಎಂಸಿಬಿಯನ್ನು ಒಣಗಿಸಿ ಮತ್ತೆ ಬಳಸಬಾರದು. ಒಳಗಿನ ಕೆಸರು, ತುಕ್ಕು ಅದರ ನಾಜೂಕಾದ ಕೊಂಡಿಯನ್ನು ಹಿಡಿದುಬಿಡುತ್ತದೆ.

ಆರ್‌ಸಿಸಿಬಿಯೂ ಸರ್ವಶಕ್ತವಲ್ಲ. ಒಣಮರದ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಒಂದು ಬಲ್ಬೆಂದೇ ತಿಳಿಯುತ್ತದೆ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಮೇನ್‌ವರೆಗಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆದ್ದರಿಂದ ಬಾಕ್ಸ್ ಬಿಚ್ಚುವ ಕೆಲಸ ಪರವಾನಗಿ ಪಡೆದವರದು, ವಿಡಿಯೊ ನೋಡಿ ಕಲಿತವರದಲ್ಲ. ಮನೆಯವರು ಮಾಡಬೇಕಾದ್ದು ಬೇರೆ ಇದೆ. ವೈರಿಂಗ್ ಮುಗಿದ ವರದಿಗೆ ಸಹಿ ಹಾಕುವ ಮುನ್ನ ಪ್ರತಿ ಎಂಸಿಬಿ ಯಾವ ಕೋಣೆಯದು, ಅದರ ವೈರು ಎಷ್ಟು ಸ್ಕ್ವೇರಿನದು ಎಂಬ ಪಟ್ಟಿಯನ್ನು ಬಾಕ್ಸಿನ ಬಾಗಿಲ ಒಳಬದಿಗೆ ಅಂಟಿಸಿಕೊಳ್ಳಿ. ಅರ್ಥಿಂಗ್ ಗುಂಡಿಯ ಓಮ್ ಎಷ್ಟೆಂದು ಅರ್ಥ್ ಟೆಸ್ಟರಿನಿಂದ ಅಳೆಸಿ ಅದನ್ನೂ ಬರೆಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಅರ್ಥಿಂಗ್ ಇಲ್ಲದಿದ್ದರೂ ಕೆಲಸ ಮಾಡುವುದರಿಂದ ಅದು ಅರ್ಥಿಂಗಿಗೆ ಸಾಕ್ಷಿಯಲ್ಲ. ಆಮೇಲೆ ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಿ. ಆರ್‌ಸಿಸಿಬಿ ಬೀಳದಿದ್ದರೆ ಅದನ್ನು ಅದೇ ದಿನ ಬದಲಿಸಿ.