ಮಸುಕಿನ ಬಿಲ್ಲೆಗಳು

ರಂಗನತಿಟ್ಟಿನಲ್ಲಿ ನುರಿತ ಕೈ ತೆಗೆದ ಮಿಂಚುಳ್ಳಿಯ ಚಿತ್ರದಲ್ಲಿ ಗರಿ ಗರಿಯನ್ನೂ ಎಣಿಸಬಹುದು. ಆದರೆ ಹಿಂದೆ ಇರಲೇಬೇಕಾದ ಕಾವೇರಿಯ ಆಚೆ ದಡ, ಪೊದೆ, ಕೊಂಬೆಗಳ ಸಿಕ್ಕು ಯಾವುದೂ ಕಾಣದು, ಬರೀ ಹಸಿರು. ಛಾಯಾಗ್ರಾಹಕರು ‘ಬೊಕೆ’ ಎಂದು ಕೊಂಡಾಡುವ ಈ ಮಸುಕು ಲೆನ್ಸಿನ ಒಳಗೇ ಹುಟ್ಟುತ್ತದೆ.

ಫೋಕಸ್ ಆದ ಬಿಂದುವಿನಿಂದ ಹೊರಟ ಬೆಳಕು ಸೆನ್ಸರ್ ಮೇಲೆ ಮತ್ತೆ ಬಿಂದುವಾಗಿ ಕೂಡುತ್ತದೆ. ಅದಕ್ಕಿಂತ ಹಿಂದಿರುವ ಬಿಂದುವಿನ ಬೆಳಕು ಸೆನ್ಸರ್ ತಲುಪುವ ಮೊದಲೇ ಕೂಡಿ, ಮತ್ತೆ ಹರಡಿಕೊಂಡು ಬಿಲ್ಲೆಯಾಗಿ ಬೀಳುತ್ತದೆ. ಹಿನ್ನೆಲೆಯ ಎಲೆ, ಕಡ್ಡಿ, ದೀಪಗಳೆಲ್ಲ ಇಂಥ ಬಿಲ್ಲೆಗಳಾಗಿ ಒಂದರ ಮೇಲೊಂದು ಬಿದ್ದು ಕಲೆಸಿಹೋಗುತ್ತವೆ.

ಬಿಲ್ಲೆ ಎಷ್ಟು ದೊಡ್ಡದು? ಇದಕ್ಕೊಂದು ಸೊಗಸಾದ ಲೆಕ್ಕವಿದೆ. ಬಹುದೂರದ ದೀಪವೊಂದರ ಬಿಲ್ಲೆ, ಫೋಕಸ್ ಆದ ವಸ್ತುವಿನ ಪಕ್ಕದಲ್ಲಿಟ್ಟು ಅಳೆದರೆ, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯಾದ ಅಪರ್ಚರ್‌ನ ವ್ಯಾಸದಷ್ಟೇ ಅಗಲವಿರುತ್ತದೆ. 600 ಮಿ.ಮೀ. ಲೆನ್ಸನ್ನು ಎಫ್/4ರಲ್ಲಿ ಬಳಸಿದರೆ 600ನ್ನು 4ರಿಂದ ಭಾಗಿಸಿ ಬರುವ ವ್ಯಾಸ 150 ಮಿ.ಮೀ. ಪುಟ್ಟ ಮಿಂಚುಳ್ಳಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ! ದೂರದ ಒಂದೊಂದು ಎಲೆಯ ಹೊಳಪೂ ಹಕ್ಕಿಯಷ್ಟೇ ದೊಡ್ಡದಾಗಿ ಹರಡಿದ ಮೇಲೆ ಪೊದೆಯ ಗುರುತು ಉಳಿಯುವುದಾದರೂ ಹೇಗೆ? 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಈ ವ್ಯಾಸ ಸುಮಾರು 28 ಮಿ.ಮೀ. ಮೊಬೈಲಿನ ಕ್ಯಾಮೆರಾದಲ್ಲಿ ಕೆಲವೇ ಮಿಲಿಮೀಟರ್. ಆದ್ದರಿಂದಲೇ ಮೊಬೈಲಿನ ಪೋರ್ಟ್ರೇಟ್ ಮೋಡ್ ವಸ್ತುಗಳ ದೂರವನ್ನು ಅಂದಾಜು ಮಾಡಿ, ಮಸುಕನ್ನು ಸಾಫ್ಟ್‌ವೇರ್‌ನಿಂದ ಬಳಿಯುತ್ತದೆ; ಹಾರಾಡುವ ಕೂದಲಿನ ಅಂಚಿನಲ್ಲಿ ಆಗಾಗ ತಪ್ಪುತ್ತದೆ.

ಹಿನ್ನೆಲೆ ಹತ್ತಿರವಿದ್ದರೆ ಬಿಲ್ಲೆ ಕುಗ್ಗುತ್ತದೆ. 2 ಮೀಟರ್ ದೂರದಲ್ಲಿ ನಿಂತವರ ಹಿಂದೆ ಅರ್ಧ ಮೀಟರಿಗೇ ಗೋಡೆಯಿದ್ದರೆ ಅಪರ್ಚರ್ ವ್ಯಾಸದ ಐದನೇ ಒಂದು ಭಾಗ ಮಾತ್ರ ದಕ್ಕುತ್ತದೆ. ಗೋಡೆ ಇನ್ನೂ ಒಂದೂವರೆ ಮೀಟರ್ ಹಿಂದಿದ್ದರೆ ಅರ್ಧ ಸಿಗುತ್ತದೆ. ದುಬಾರಿ ಲೆನ್ಸಿಗೆ ಹಣ ಸುರಿಯುವ ಮೊದಲು, ಎದುರಿಗಿರುವವರನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದಕ್ಕೆ ಕರೆಯುವುದು ಮೇಲು.

ಆದರೆ ಮಸುಕು ಹೆಚ್ಚಿದ್ದ ಮಾತ್ರಕ್ಕೆ ಹಿತವಾಗುವುದಿಲ್ಲ. ಎಲ್ಲವನ್ನೂ ನಿರ್ಧರಿಸುವುದು ಬಿಲ್ಲೆಯ ಅಂಚು. ಬಿಂಬವನ್ನು ಹರಿತಗೊಳಿಸಲು ಗೋಳೀಯ ದೋಷವನ್ನು (ಲೆನ್ಸಿನ ನಡುವಿನ ಮತ್ತು ಅಂಚಿನ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡದಿರುವುದನ್ನು) ಅತಿಯಾಗಿ ತಿದ್ದಿದ ಲೆನ್ಸುಗಳಲ್ಲಿ ಹಿನ್ನೆಲೆಯ ಬಿಲ್ಲೆಗಳ ನಡು ಮಂಕಾಗಿ ಅಂಚು ಹೊಳೆಯುತ್ತದೆ. ಆಗ ಹಿಂದಿನ ಒಂದು ಕಡ್ಡಿ ಎರಡು ಗೆರೆಗಳಾಗಿ ಸೀಳಿ ಕಣ್ಣಿಗೆ ಚುಚ್ಚುತ್ತದೆ. ಕನ್ನಡಿ ಬಳಸುವ ಮಿರರ್ ಲೆನ್ಸುಗಳಲ್ಲಂತೂ, ಮುಂದಿರುವ ಚಿಕ್ಕ ಕನ್ನಡಿ ನಡುವಿನ ಬೆಳಕನ್ನು ತಡೆಯುವುದರಿಂದ, ಪ್ರತಿ ದೀಪವೂ ಬಳೆಯಾಗುತ್ತದೆ. ಚೌಕಟ್ಟಿನ ಮೂಲೆಗಳಲ್ಲಿ ಬೇರೆಯದೇ ತೊಡಕು: ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಕೊಳವೆಯೇ ಅಡ್ಡವಾಗಿ, ದುಂಡು ಬಿಲ್ಲೆಗಳು ಬಾದಾಮಿಯ ಆಕಾರಕ್ಕೆ ಸೊರಗುತ್ತವೆ.

ಹಿತವಾದ ಬಿಲ್ಲೆಗೆ ನಡು ಬೆಳಗಿ, ಅಂಚು ಕರಗಬೇಕು. ಮಿನೋಲ್ಟಾ ಕಂಪನಿಯ 135 ಮಿ.ಮೀ. ಎಸ್‌ಟಿಎಫ್ ಲೆನ್ಸ್ ಇದನ್ನೇ ಗುರಿಯಾಗಿಸಿತು. ಅದರೊಳಗೆ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಕಪ್ಪಾಗುತ್ತ ಹೋಗುವ ಗಾಜಿದೆ. ಆ ಗಾಜು ಒಂದಷ್ಟು ಬೆಳಕನ್ನು ನುಂಗುವುದರಿಂದ ಎಫ್/2.8ರ ಈ ಲೆನ್ಸ್ ಎಫ್/4.5ರ ಲೆನ್ಸಿನಷ್ಟು ಬೆಳಕನ್ನು ಮಾತ್ರ ಒಳಬಿಡುತ್ತದೆ. ಫೋಕಸ್ಸನ್ನೂ ಕೈಯಿಂದಲೇ ತಿರುಗಿಸಬೇಕು. ಆದರೂ ಹೂವು, ಮುಖಗಳನ್ನು ನಿಧಾನವಾಗಿ ಚಿತ್ರಿಸುವವರು ಅದನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ.